ನಾಲಿಗೆಗೊಬ್ಬ ನೀರುಗಂಟಿ

ಮಂಡ್ಯದವರು ಮಾತಾಡಿದರೆ ಜಗಳ ಆಡಿದಂತೆ ಕೇಳುತ್ತದೆ ಅನ್ನೋದು ಹಳೇ ದೂರು. ಓದಿಗೋ ಕೆಲಸಕ್ಕೋ ಮೈಸೂರು, ಬೆಂಗಳೂರು ಸೇರಿದ ನಮ್ಮ ಕಡೆಯವರೆಲ್ಲ ಇದನ್ನು ಒಂದಲ್ಲ ಒಂದು ಸಲ ಕೇಳಿಸಿಕೊಂಡೇ ಇರುತ್ತೇವೆ. ‘ಬಾರ್ಲಾ, ಉಂಡ್ಕೊಂಡ್ ಹೋಗ್ಲಾ’ ಅಂದರೆ ಹೊರಗಿನವರ ಕಿವಿಗೆ ಅದು ಗದರಿಕೆ. ನಮಗೆ ಮಾತ್ರ ಗೊತ್ತು, ಅದು ಊಟಕ್ಕೆ ಕರೆಯುವ ಮಾತು, ಅದೂ ಮನಸಾರೆ ಕರೆಯುವ ಮಾತು ಅಂತ. ಇದೇ ಮನುಷ್ಯ ನಿಜವಾಗಿ ಸಿಟ್ಟಾದಾಗ ‘ಲಾ’ ಬಿಟ್ಟು ‘ಬನ್ನಿ, ಹೋಗಿ’ ಅಂತ ಶುರುಮಾಡುತ್ತಾನೆ. ಮಳವಳ್ಳಿ ಕಡೆ ಯಾರಾದರೂ ಬಹುವಚನಕ್ಕೆ ಇಳಿದರೆ ಹುಷಾರಾಗಿರಬೇಕು!

ಹಾಗಾಗಿ ಮಾತಿನಲ್ಲಿ ಸಂಯಮ ಇರಬೇಕು ಅಂತ ಬರೆಯಲು ಹೊರಟರೆ ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳಬೇಕು. ಸಂಯಮ ಅಂದರೆ ನಯವಾದ ಭಾಷೆಯಾ? ನಾನು ಬೆಳೆದ ಮನೆಯಲ್ಲಿ ಈ ಪ್ರಶ್ನೆ ಸದಾ ಇತ್ತು. ನಾವು ಮಳವಳ್ಳಿ ತಾಲ್ಲೂಕಿನ ಹಳ್ಳಿಯ ಕ್ರೈಸ್ತರು. ಊರಲ್ಲಿ ಬೆರಳೆಣಿಕೆಯ ಮನೆಗಳು. ವಾರದ ಆರು ದಿನ ಊರಿನ ಎಲ್ಲರಂತೆ ಮಾತಾಡುವ ನಮ್ಮ ಹಿರಿಯರು ಭಾನುವಾರ ಪ್ರಾರ್ಥನೆಗೆ ನಿಂತರೆ ಭಾಷೆಯೇ ಬದಲಾಗುತ್ತಿತ್ತು. ‘ಯೋಳ್ದೆ ಕಣ್ಲಾ’ ಅನ್ನುವ ಬಾಯಿಂದ ‘ಕೃಪಾಳುವಾದ ತಂದೆಯೇ, ವಿಜ್ಞಾಪಿಸಿಕೊಳ್ಳುತ್ತೇವೆ’ ಅಂತ ಬರುತ್ತಿತ್ತು. ಪುಸ್ತಕದ ಕನ್ನಡದಲ್ಲಿ ಮಾತಾಡಿದರೆ ಭಕ್ತಿ, ಊರ ಕನ್ನಡದಲ್ಲಿ ಮಾತಾಡಿದರೆ ಒರಟು ಎಂದು ನಮ್ಮಲ್ಲಿ ಅನೇಕರು ಈಗಲೂ ನಂಬಿದ್ದಾರೆ. ನಾನು ನಂಬುವುದಿಲ್ಲ. ಪುಸ್ತಕದ ಕನ್ನಡದಲ್ಲೇ ಪಕ್ಕದ ಮನೆಯವರ ಮಾನ ಕಳೆಯುವವರನ್ನು ನೋಡಿದ್ದೇನೆ. ‘ಲಾ’ ಹಾಕಿಕೊಂಡೇ ಅಳುತ್ತಿರುವವರ ಕಣ್ಣೀರು ಒರೆಸುವವರನ್ನೂ ನೋಡಿದ್ದೇನೆ.

ಇಲ್ಲಿ ಒಂದು ಸಣ್ಣ ಮಾತು. ‘ಮಂಡ್ಯದಲ್ಲೂ ಕ್ರಿಶ್ಚಿಯನ್ನರು ಇದ್ದಾರಾ?’ ಅಂತ ಕಾಲೇಜಿನಲ್ಲಿ ಕೇಳುತ್ತಿದ್ದರು. ಇದ್ದೇವೆ, ನೆನ್ನೆ ಮೊನ್ನೆಯಿಂದ ಅಲ್ಲ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಶ್ರೀರಂಗಪಟ್ಟಣಕ್ಕೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬೋಯಿ ಗಂಜಾಂನಲ್ಲಿದ್ದು ಕೆಲಸ ಮಾಡಿ 1823ರಲ್ಲಿ ಸ್ವದೇಶಕ್ಕೆ ಮರಳಿದವರು. ಆಮೇಲೆ ಮೈಸೂರು ಸೀಮೆಯಲ್ಲಿ ವೆಸ್ಲಿಯನ್ ಮಿಷನ್ನಿನವರ ಶಾಲೆ, ಆಸ್ಪತ್ರೆಗಳು ಬಂದವು. ಅವರ ಸಭೆಗಳು 1947ರಲ್ಲಿ ದಕ್ಷಿಣ ಭಾರತ ಸಭೆಗೆ ಸೇರಿದವು. 2010ರಲ್ಲಿ ಸಿರೋ ಮಲಬಾರ್ ಕ್ಯಾಥೊಲಿಕರಿಗೆ ಮಂಡ್ಯದ ಹೆಸರಿನಲ್ಲೇ ಒಂದು ಧರ್ಮಪ್ರಾಂತ್ಯ ಆಯಿತು. ಇತಿಹಾಸ ಇಷ್ಟು ಸಾಕು, ಮಾತಿನ ಮಾತಿಗೆ ಬರೋಣ.

ನಮ್ಮ ಮನೆಯ ಹಳೇ ಕನ್ನಡ ಬೈಬಲಿನಲ್ಲಿ ನನಗೆ ಬಹಳ ಇಷ್ಟವಾದ ಒಂದು ಪದವಿದೆ: ಶಮೆದಮೆ. ಗಲಾತ್ಯದವರಿಗೆ ಪೌಲನು ಬರೆದ ಪತ್ರಿಕೆಯ 5ನೇ ಅಧ್ಯಾಯದಲ್ಲಿ ದೇವರಾತ್ಮನ ಫಲಗಳು ಅಂತ ಒಂಬತ್ತನ್ನು ಎಣಿಸುತ್ತಾನೆ. ಪ್ರೀತಿಯಿಂದ ಶುರುವಾಗಿ ಕೊನೆಗೆ ಬರುವುದೇ ಈ ಶಮೆದಮೆ. ಈಗಿನವರು ಸಂಯಮ ಅನ್ನುತ್ತಾರೆ. ಆದರೆ ಹಳೇ ಪದದಲ್ಲಿ ಎರಡು ಕೆಲಸಗಳಿವೆ. ‘ಶಮ’ ಅಂದರೆ ಒಳಗಿನ ಮನಸ್ಸು ತಣ್ಣಗಾಗುವುದು. ‘ದಮ’ ಅಂದರೆ ಹೊರಗಿನ ಇಂದ್ರಿಯ ಹತೋಟಿಗೆ ಬರುವುದು. ಪದ ಈ ನೆಲದ್ದೇ, ನಮ್ಮ ವೇದಾಂತದವರಿಗೂ ಗೊತ್ತಿದ್ದದ್ದೇ. ಭಾಷಾಂತರ ಮಾಡಿದವರು ಅದನ್ನು ಹುಡುಕಿ ತಂದು ಸರಿಯಾದ ಜಾಗದಲ್ಲಿ ಕೂರಿಸಿದ್ದಾರೆ.

ಈ ಎರಡನ್ನೂ ಬಿಡಿಸಿ ನೋಡಿದರೆ ನಮ್ಮ ಎಷ್ಟೋ ಮೌನಗಳ ಬಣ್ಣ ಬಯಲಾಗುತ್ತದೆ. ಅತ್ತೆ ಸೊಸೆ ಮೂರು ದಿನ ಮಾತು ಬಿಟ್ಟಿದ್ದಾರೆ ಅನ್ನಿ. ನಾಲಿಗೆ ಸುಮ್ಮನಿದೆ, ಪಾತ್ರೆಗಳು ಮಾತಾಡುತ್ತಿವೆ. ಅಲ್ಲಿ ದಮ ಇದೆ, ಶಮ ಇಲ್ಲ. ಇನ್ನು ಕೆಲವರು ‘ನಂದು ಮನಸ್ಸಲ್ಲಿ ಏನೂ ಇಲ್ಲ ಕಣಪ್ಪ, ಬಾಯಿ ಮಾತ್ರ ಹಿಂಗೆ’ ಅನ್ನುತ್ತಾರೆ. ಅವರಿಗೆ ಶಮ ಇರಬಹುದು, ದಮ ಇಲ್ಲ. ಆದರೆ ಅವರ ಬಾಯಿಂದ ಗಾಯವಾದವನಿಗೆ ಅವರ ಮನಸ್ಸು ಕಾಣುವುದಿಲ್ಲವಲ್ಲ, ಕೇಳಿಸುವುದು ಬಾಯಿ ಮಾತ್ರ.

ಇನ್ನೊಂದು ವಿಷಯ. ಪೌಲ ಇದನ್ನು ಫಲ ಅನ್ನುತ್ತಾನೆ. ಫಲ ಅಂದರೆ ಹಣ್ಣು. ಹಣ್ಣನ್ನು ಯಾರೂ ಅಪ್ಪಣೆ ಮಾಡಿ ಬಿಡಿಸಲು ಆಗುವುದಿಲ್ಲ. ಗಿಡ ನೆಡಬೇಕು, ನೀರು ಕಟ್ಟಬೇಕು, ಕಾಯಬೇಕು. ಮದ್ದೂರಿನ ಎಳನೀರು ಮಾರುಕಟ್ಟೆಗೆ ದಿನಾ ಲಾರಿಗಟ್ಟಲೆ ಕಾಯಿ ಬರುತ್ತದೆ, ಆದರೆ ಒಂದು ತೆಂಗಿನ ಸಸಿ ಫಸಲಿಗೆ ಬರಲು ಎಷ್ಟು ವರ್ಷ ಕಾಯಬೇಕು ಅನ್ನುವುದು ರೈತನಿಗೇ ಗೊತ್ತು. ಇವತ್ತು ತೀರ್ಮಾನ ಮಾಡಿ ನಾಳೆಯಿಂದ ಸಿಹಿ ಮಾತಾಡುತ್ತೇನೆ ಅಂದರೆ ಅದು ಹಣ್ಣಲ್ಲ, ಅಂಗಡಿಯ ಪ್ಲಾಸ್ಟಿಕ್ ಹಣ್ಣು.

ನಾಲಿಗೆಯ ಬಗ್ಗೆ ಬೈಬಲಿನಲ್ಲಿ ಅತಿ ಹೆಚ್ಚು ಖಾರವಾಗಿ ಬರೆದವನು ಯಾಕೋಬ. ಅವನ ಪತ್ರಿಕೆಯ 3ನೇ ಅಧ್ಯಾಯದಲ್ಲಿ ಮೂರು ಹೋಲಿಕೆ ಕೊಡುತ್ತಾನೆ: ಕುದುರೆಯ ಬಾಯಿಗೆ ಹಾಕುವ ಕಡಿವಾಣ, ದೊಡ್ಡ ಹಡಗನ್ನು ತಿರುಗಿಸುವ ಸಣ್ಣ ಚುಕ್ಕಾಣಿ, ಕಾಡನ್ನೇ ಸುಡುವ ಕಿಡಿ. ನಮ್ಮ ದೊಡ್ಡವ್ವ ಓದು ಕಲಿತವಳಲ್ಲ. ಹಡಗನ್ನು ಕಂಡವಳೂ ಅಲ್ಲ. ಆದರೆ ಈ ಅಧ್ಯಾಯವನ್ನು ಅವಳು ಮೊಮ್ಮಕ್ಕಳಿಗೆ ಹೇಳುತ್ತಿದ್ದ ರೀತಿ ನನಗೆ ಯಾವ ಪ್ರಸಂಗಕ್ಕಿಂತ ಚೆನ್ನಾಗಿ ನೆನಪಿದೆ. ಕಡಿವಾಣದ ಜಾಗದಲ್ಲಿ ಅವಳು ಎತ್ತಿನ ಮೂಗುದಾರ ಇಟ್ಟಳು. ಕಾಡಿನ ಜಾಗದಲ್ಲಿ ಕಬ್ಬಿನ ಗದ್ದೆ ಇಟ್ಟಳು. ಕಟಾವಿಗೆ ಬಂದ ಗದ್ದೆಯ ಒಣ ತರಗಿಗೆ ಒಂದು ಬೀಡಿ ಕಿಡಿ ಸಾಕು, ವರ್ಷದ ಬೆವರು ಗಳಿಗೆಯಲ್ಲಿ ಬೂದಿ. ಬೀಡಿ ಎಸೆದವನು ಅಷ್ಟು ಹೊತ್ತಿಗೆ ಮುಂದಿನ ಊರು ಸೇರಿರುತ್ತಾನೆ. ಹಡಗಿನ ಚುಕ್ಕಾಣಿಯ ಜಾಗದಲ್ಲಿ ಅವಳು ಇಟ್ಟದ್ದು ತೂಬು.

ತೂಬು ಅಂದರೆ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಕೃಷ್ಣರಾಜಸಾಗರದಲ್ಲಿ 124.80 ಅಡಿ ನೀರು ನಿಂತರೂ ಅದು ಗದ್ದೆಗೆ ಬರುವುದು ವಿಶ್ವೇಶ್ವರಯ್ಯ ನಾಲೆಯ ಮೇಲಿನ ತೂಬುಗಳಿಂದ. ಹುಲಿಕೆರೆ ಸುರಂಗ ದಾಟಿ ಮಂಡ್ಯ, ಮದ್ದೂರು, ಮಳವಳ್ಳಿಗೆ ಹರಿಯುವ ಆ ನೀರಿಗೆ ಯಾವಾಗ ಬಿಡಬೇಕು, ಯಾವಾಗ ನಿಲ್ಲಿಸಬೇಕು ಅನ್ನುವ ಲೆಕ್ಕ ಇದೆ. ಕಟ್ಟು ಪದ್ಧತಿ ಅನ್ನುತ್ತೇವೆ. ಕೆರೆಗಳಿಗೆ ನೀರುಗಂಟಿ, ನಾಲೆಗೆ ಸೌಡಿ. ಕೀರ್ತನೆಗಳ ಪುಸ್ತಕದಲ್ಲಿ, 141ನೆಯದರಲ್ಲಿ, ದಾವೀದ ತನ್ನ ಬಾಯಿಗೆ ಒಬ್ಬ ಕಾವಲುಗಾರನನ್ನು ಇಡು ಅಂತ ದೇವರನ್ನು ಬೇಡುತ್ತಾನೆ. ದೊಡ್ಡವ್ವನ ಬಾಯಲ್ಲಿ ಆ ಕಾವಲುಗಾರ ನೀರುಗಂಟಿ ಆಗಿಬಿಟ್ಟ. ‘ನೀರುಗಂಟಿ ನೀರ್ನ ದ್ವೇಷಿಸಲ್ಲ ಕಣ್ ಮಗ, ಯಾರಿಗೆ ಎಷ್ಟು ಅಂತ ನೋಡ್ತಾನೆ’ ಅನ್ನುತ್ತಿದ್ದಳು. ಸಂಯಮಕ್ಕೆ ಇದಕ್ಕಿಂತ ಸರಿಯಾದ ವಿವರಣೆ ನನಗೆ ಸಿಕ್ಕಿಲ್ಲ. ನೀರುಗಂಟಿಯ ಕೆಲಸ ತೂಬು ಮುಚ್ಚುವುದಷ್ಟೇ ಅಲ್ಲ. ಬೇಕಾದಾಗ ತೆರೆಯುವುದೂ ಅವನದೇ ಕೆಲಸ.

ಹಾಗಾದರೆ ಯಾವ ಮಾತಿಗೆ ತೂಬು ಮುಚ್ಚಬೇಕು? ನಮ್ಮ ಊರುಗಳ ಬೈಗುಳಗಳನ್ನು ನಾನು ಮನಸ್ಸಿನಲ್ಲೇ ಮೂರು ಭಾಗ ಮಾಡಿಕೊಂಡಿದ್ದೇನೆ. ಮೊದಲನೆಯದು ಬರೀ ಉಸಿರು. ‘ಹಾಳಾದ್ ಬಿಸ್ಲು’, ‘ಹಾಳಾದ್ ಬಸ್ಸು’ ಅನ್ನುವಂಥದು. ಇದರಿಂದ ಯಾರಿಗೂ ನೋವಿಲ್ಲ. ಎರಡನೆಯದು ಶಾಪ. ‘ನಿನ್ ಮನೆ ಹಾಳಾಗ’, ‘ನಿನ್ ಬಾಯಿಗ್ ಮಣ್ ಬೀಳ’. ಬೀದಿಯಲ್ಲಿ ಇವೂ ಸಲೀಸು. ಆದರೆ ದೇವರನ್ನು ಹೊಗಳುವ ಬಾಯಲ್ಲೇ ದೇವರ ರೂಪದಲ್ಲಿ ಹುಟ್ಟಿದ ಮನುಷ್ಯನನ್ನು ಶಪಿಸುತ್ತೀರಲ್ಲ, ಒಂದೇ ಊಟೆಯಲ್ಲಿ ಸಿಹಿ ನೀರು ಕಹಿ ನೀರು ಎರಡೂ ಬರುತ್ತವೆಯಾ ಅಂತ ಯಾಕೋಬ ಕೇಳುವುದು ಇದಕ್ಕೇ. ನಮ್ಮ ಕಡೆ ಒಂದು ಬೋರ್‌ವೆಲ್ ನೀರು ಸಪ್ಪೆ ಉಪ್ಪಾದರೆ ಕೊಡ ತುಂಬುವ ಹೊತ್ತಿಗೆಲ್ಲ ಊರಿಗೇ ಗೊತ್ತಾಗುತ್ತದೆ. ಭಾನುವಾರ ಒಂದು ರುಚಿ, ಸೋಮವಾರ ಒಂದು ರುಚಿ ಬರುವ ಬಾಯಿಯೂ ಹಾಗೇ, ಊರಿಗೆಲ್ಲ ಗೊತ್ತಿರುತ್ತದೆ.

ಮೂರನೆಯದು ಮನುಷ್ಯನನ್ನು ಅವನ ಹುಟ್ಟಿಗೆ ಕಟ್ಟಿಹಾಕುವ ಬೈಗುಳ. ಕುಂಟ, ಕುರುಡ, ಕಿವುಡ ಅನ್ನುವುದು. ಅಮ್ಮ ಅಕ್ಕಂದಿರನ್ನು ಎಳೆದು ತರುವುದು. ಎಲ್ಲಕ್ಕಿಂತ ಮೇಲಾಗಿ ಜಾತಿಯ ಹೆಸರನ್ನೇ ಬೈಗುಳ ಮಾಡುವುದು. ‘ಅವರ ತರ ಆಡಬೇಡ’ ಅಂತ ಮಗುವಿಗೆ ಬುದ್ಧಿ ಹೇಳುವಾಗಲೂ ಒಂದು ಜಾತಿಯ ಹೆಸರು ನಾಲಿಗೆ ತುದಿಯಲ್ಲಿ ಸಿದ್ಧವಾಗಿರುತ್ತದೆ. ಹೇಳಿದವರಿಗೆ ಅದು ಅಭ್ಯಾಸ, ಕೇಳಿದವರಿಗೆ ಅದು ಇಡೀ ವಂಶದ ಮೇಲೆ ಬಿದ್ದ ಉಗುಳು.

ಇದು ನನಗೆ ದೂರದ ವಿಷಯವಲ್ಲ. ಹಳೇ ಮೈಸೂರಿನ ಹಳ್ಳಿಗಳ ಕ್ರೈಸ್ತರಲ್ಲಿ ಬಹಳ ಕುಟುಂಬಗಳು ದಲಿತ ಮೂಲದವು. ಮತ ಬದಲಾದ ಮಾತ್ರಕ್ಕೆ ಊರಿನವರ ನಾಲಿಗೆ ಬದಲಾಗಲಿಲ್ಲ. ಕಾನೂನು ಏನು ಹೇಳುತ್ತದೆ ನೋಡಿ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೇಲಿನ ದೌರ್ಜನ್ಯ ತಡೆಯಲು 1989ರಲ್ಲಿ ಬಂದ ಕಾಯ್ದೆಯ ಪ್ರಕಾರ ಸಾರ್ವಜನಿಕರ ಕಣ್ಣೆದುರು ಜಾತಿ ಹೆಸರಿಡಿದು ಬೈಯುವುದು ಅಪರಾಧ. ಆದರೆ 1950ರ ರಾಷ್ಟ್ರಪತಿಗಳ ಆದೇಶದಲ್ಲಿ ಪರಿಶಿಷ್ಟ ಜಾತಿ ಅಂತ ಎಣಿಸಲು ಮತದ ಷರತ್ತು ಇದೆ. ಹಿಂದೂಗಳ ಜೊತೆಗೆ 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರು ಸೇರಿಲ್ಲ. ಅಂದರೆ ಬೈಯುವವನ ಬಾಯಿಗೆ ನಮ್ಮ ಮತ ಕಾಣುವುದಿಲ್ಲ, ಕಾಯ್ದೆಯ ಕಣ್ಣಿಗೆ ಕಾಣುತ್ತದೆ. ಸ್ಟೇಷನ್ನಿಗೆ ಹೋಗಲು ದಾರಿ ಇಲ್ಲದವನಿಗೆ ಉಳಿಯುವುದು ಎರಡೇ: ತಿರುಗಿ ಬೈಯುವುದು ಅಥವಾ ಇನ್ನೇನನ್ನೋ ಹುಡುಕಿಕೊಳ್ಳುವುದು. ಸಂಯಮದ ಮಾತು ಅಲಂಕಾರವಲ್ಲ, ನಮ್ಮಂಥವರಿಗೆ ಅದು ಬದುಕುವ ದಾರಿ ಅಂತ ನಾನು ಹೇಳುವುದು ಇದಕ್ಕೆ.

ನಮ್ಮಪ್ಪ ಆ ‘ಇನ್ನೇನನ್ನೋ’ ಹುಡುಕಿಕೊಂಡವರು. ‘ಅಕ್ಕಿ ಮೂಟೆಗೆ ಹೋದೋರು’ ಅನ್ನುವುದು ನಾವು ಕೇಳುತ್ತ ಬೆಳೆದ ಮಾತು. 2022ರಲ್ಲಿ ರಾಜ್ಯದಲ್ಲಿ ಮತಾಂತರದ ಕಾಯ್ದೆ ಬಂದ ಸುಮಾರಿನಲ್ಲಿ ಅದು ಟೀ ಅಂಗಡಿಗಳಲ್ಲಿ ಮತ್ತೆ ಚಿಗುರಿತು. ಒಂದು ಬೆಳಿಗ್ಗೆ ಅಂಗಡಿ ಮುಂದೆ ಒಬ್ಬರು ಅಪ್ಪನನ್ನು ಎಲ್ಲರ ಎದುರು ಕೇಳಿದರು: ‘ಎಷ್ಟ್ ಮೂಟೆ ಅಕ್ಕಿ ಕೊಟ್ರಲಾ ನಿಮ್ ತಾತಂಗೆ?’ ಅಪ್ಪ ಟೀ ಲೋಟ ಕೆಳಗಿಟ್ಟು, ನಗುತ್ತಲೇ ಅಂದರು: ‘ಅಕ್ಕಿ ಕೊಟ್ಟಿದ್ರೆ ನಾನ್ಯಾಕಣ್ಣ ನಿನ್ ಗದ್ದೆಗೆ ಕೂಲಿಗೆ ಬತ್ತಿದ್ದೆ?’ ಅಂಗಡಿಯೆಲ್ಲ ನಕ್ಕಿತು. ಕೇಳಿದವರೂ ನಕ್ಕರು. ಅವತ್ತಿನ ಟೀ ದುಡ್ಡು ಅವರೇ ಕೊಟ್ಟರು ಅಂತ ಬೇರೆಯವರಿಂದ ನನಗೆ ತಿಳಿಯಿತು.

ಅಪ್ಪನ ಆ ಉತ್ತರವನ್ನು ನಾನು ಆಮೇಲೆ ಬಹಳ ಸಲ ತಿರುಗಿಸಿ ನೋಡಿದ್ದೇನೆ. ಅದರಲ್ಲಿ ಸುಳ್ಳಿಲ್ಲ, ಶಾಪವಿಲ್ಲ, ಬಗ್ಗುವುದೂ ಇಲ್ಲ. ‘ಅಣ್ಣ’ ಅನ್ನುವ ಸಂಬಂಧವನ್ನು ಅವರು ಕಡಿದುಕೊಳ್ಳಲಿಲ್ಲ. ಆದರೆ ಸತ್ಯ ಹೇಳದೆ ಬಿಡಲೂ ಇಲ್ಲ. ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯ ಕೊನೆಯಲ್ಲಿ ಪೌಲ, ನಿಮ್ಮ ಮಾತಿಗೆ ಉಪ್ಪಿನ ರುಚಿ ಇರಲಿ ಅನ್ನುವ ಅರ್ಥದ ಮಾತು ಹೇಳುತ್ತಾನೆ. ಸಕ್ಕರೆ ಅನ್ನಲಿಲ್ಲ, ಉಪ್ಪು ಅಂದ. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾದಾಗಿನಿಂದ ನಾವು ಸಕ್ಕರೆ ನಾಡಿನವರು. ಆದರೂ ಸಾರಿಗೆ ಹಾಕುವುದು ಉಪ್ಪನ್ನೇ. ಉಪ್ಪು ಹೆಚ್ಚಾದರೆ ಬಾಯಿಗಿಡಲು ಆಗುವುದಿಲ್ಲ, ಇಲ್ಲದಿದ್ದರೆ ಗಂಟಲಲ್ಲಿ ಇಳಿಯುವುದಿಲ್ಲ. ಬರೀ ಸಿಹಿ ಮಾತು ಸಂಯಮವಲ್ಲ, ಎಷ್ಟೋ ಸಲ ಅದು ಭಯ ಅಥವಾ ಲಾಭ.

ಸುಮ್ಮನಿರುವುದೇ ಸಂಯಮ ಅನ್ನುವವರಿಗೆ ಯೇಸುವಿನ ವಿಚಾರಣೆಯ ಎರಡು ಘಳಿಗೆಗಳನ್ನು ತೋರಿಸಬೇಕು. ಹೆರೋದ ರಾಜ ಕುತೂಹಲಕ್ಕೆ, ತಮಾಷೆಗೆ ಪ್ರಶ್ನೆ ಮೇಲೆ ಪ್ರಶ್ನೆ ಕೇಳಿದಾಗ ಯೇಸು ಒಂದಕ್ಕೂ ಉತ್ತರ ಕೊಡಲಿಲ್ಲ ಎಂದು ಲೂಕನ ಸುವಾರ್ತೆ ಹೇಳುತ್ತದೆ. ಆದರೆ ಅದಕ್ಕೆ ಮೊದಲು ಮಹಾಯಾಜಕನ ಮುಂದೆ ಒಬ್ಬ ಚಾಕರ ಕೆನ್ನೆಗೆ ಹೊಡೆದಾಗ ಯೇಸು ಸುಮ್ಮನಿರಲಿಲ್ಲ. ನಾನು ತಪ್ಪಾಡಿದ್ದರೆ ತೋರಿಸು, ಸರಿಯಾಗಿದ್ದರೆ ಯಾಕೆ ಹೊಡೆಯುತ್ತೀಯೆ ಎಂದು ಕೇಳಿದರು ಅನ್ನುವುದು ಯೋಹಾನನ ಸುವಾರ್ತೆಯ 18ನೇ ಅಧ್ಯಾಯದಲ್ಲಿದೆ. ಒಂದು ಕಡೆ ಮೌನ, ಒಂದು ಕಡೆ ಪ್ರಶ್ನೆ. ಬೈಗುಳ ಮಾತ್ರ ಎರಡೂ ಕಡೆ ಇಲ್ಲ. ಎಲ್ಲಿ ತೂಬು ಮುಚ್ಚಬೇಕು, ಎಲ್ಲಿ ತೆರೆಯಬೇಕು ಅನ್ನುವ ವಿವೇಕ ಅದು.

ನಮ್ಮ ದೊಡ್ಡಪ್ಪನದು ನಾಲೆಯ ಕೊನೆ ಭಾಗದಲ್ಲಿ ಅರ್ಧ ಎಕರೆ ಗದ್ದೆ. ಕೊನೆ ಭಾಗದವರ ಪಾಡು ಮಳವಳ್ಳಿ, ಮದ್ದೂರಿನವರಿಗೆ ಗೊತ್ತು. ಪೇಪರಿನಲ್ಲಿ ನೀರು ಬಿಟ್ಟಿರುತ್ತಾರೆ, ಗದ್ದೆಗೆ ಬಂದಿರುವುದಿಲ್ಲ. ಒಂದು ರಾತ್ರಿ ಅವರ ಸರದಿಯ ನೀರನ್ನು ಮೇಲಿನ ಗದ್ದೆಯವರು ತಿರುಗಿಸಿಕೊಂಡರು. ಕೇಳಲು ಹೋದ ದೊಡ್ಡಪ್ಪನಿಗೆ ಸಿಕ್ಕಿದ್ದು ಮೇಲೆ ಹೇಳಿದ ಮೂರನೇ ಬಗೆಯ ಬೈಗುಳ. ದೊಡ್ಡಪ್ಪ ಗುದ್ದಲಿಯನ್ನು ಬದುವಿನ ಮೇಲೆ ಮಡಗಿ, ಕೈ ಬರಿದು ಮಾಡಿಕೊಂಡು ಹೇಳಿದರಂತೆ: ‘ನೀರ್ನ ತಿರುಗಿಸ್ಕೊಂಡಿದ್ದೀಯ, ಅದ್ನ ಆಮೇಲೆ ನೋಡವ. ಬೈಗುಳ ಮಾತ್ರ ನನ್ ಗದ್ದೆಗ್ ತಿರುಗಿಸ್ಬ್ಯಾಡ.’ ಇಷ್ಟು ಹೇಳಿ ಮನೆಗೆ ಬಂದರು. ಮಾರನೇ ದಿನ ನೀರಾವರಿ ಕಚೇರಿಗೆ ಬರವಣಿಗೆಯಲ್ಲಿ ದೂರು ಕೊಟ್ಟರು, ಪಂಚಾಯ್ತಿ ಮೆಂಬರನ್ನು ಕರೆದುಕೊಂಡು ಹೋಗಿ ಸರದಿ ಬರೆಸಿಕೊಂಡು ಬಂದರು. ಗುದ್ದಲಿ ಕೆಳಗಿಟ್ಟಿದ್ದು ದಮ. ಮಾರನೇ ದಿನ ಅರ್ಜಿ ಬರೆದಿದ್ದು ಶಮ. ಸಿಟ್ಟು ಇಳಿಯದಿದ್ದರೆ ಅರ್ಜಿಯ ಒಕ್ಕಣೆ ಹಾಗೆ ಸ್ಪಷ್ಟವಾಗಿ ಬರುತ್ತಿರಲಿಲ್ಲ. ಅದನ್ನು ಬರೆದುಕೊಟ್ಟವರ ಪೈಕಿ ನಾನೂ ಇದ್ದುದರಿಂದ ಹೇಳುತ್ತಿದ್ದೇನೆ, ಅವರು ಒಂದೇ ಒಂದು ಕೆಟ್ಟ ಪದ ಹೇಳಲಿಲ್ಲ, ಒಂದೇ ಒಂದು ತಾರೀಕು ಮರೆಯಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಸಂಯಮದ ಬೋಧನೆ ನಮ್ಮ ಸಭೆಗಳಲ್ಲಿ ಹೆಚ್ಚು ಬೀಳುವುದು ಹೆಂಗಸರ ತಲೆ ಮೇಲೆ. ಕುಡಿದು ಬಂದು ಹೊಡೆಯುವ ಗಂಡನ ಮುಂದೆ ‘ನೀನು ಬಾಯಿ ಮುಚ್ಕೊಂಡಿದ್ರೆ ಎಲ್ಲ ಸರಿಹೋಗುತ್ತೆ’ ಅಂತ ಪ್ರಾರ್ಥನಾ ಕೂಟದಲ್ಲಿ ಬುದ್ಧಿ ಹೇಳಿದ್ದನ್ನು ಕೇಳಿದ್ದೇನೆ. ಅದು ಶಮೆದಮೆ ಅಲ್ಲ. ಸಂಯಮ ಅನ್ನುವುದು ಮನುಷ್ಯ ತನ್ನ ನಾಲಿಗೆಗೆ ತಾನೇ ಹಾಕಿಕೊಳ್ಳುವುದು. ಬೇರೆಯವರು ನಮ್ಮ ಬಾಯಿಗೆ ಬಟ್ಟೆ ತುರುಕಿದರೆ ಅದಕ್ಕೆ ಬೇರೆ ಹೆಸರಿದೆ. ಹಾಗೆ ಹಿಂಸೆ ಅನುಭವಿಸುವ ಅಕ್ಕ ತಂಗಿಯರು ಮಾಡಬೇಕಾದ ಮೊದಲ ಕೆಲಸ ತೂಬು ತೆರೆಯುವುದು. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ ಹೇಳುವುದು ದೇವರಿಗೆ ಅವಿಧೇಯತೆ ಅಲ್ಲ.

ಇನ್ನು ನಮ್ಮ ವೃತ್ತಿಗೆ ಬರುತ್ತೇನೆ. ಪತ್ರಿಕೋದ್ಯಮ ಓದಿದ ನಾವೆಲ್ಲ ಜುಲೈ 1ರಂದು ಪತ್ರಿಕಾ ದಿನ ಮಾಡುತ್ತೇವೆ. 1843ರಲ್ಲಿ ಆ ದಿನ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರತಂದರು, ಕನ್ನಡದ ಮೊದಲ ಪತ್ರಿಕೆ. ಕನ್ನಡದಲ್ಲಿ ಸುದ್ದಿಯನ್ನು ಅಚ್ಚು ಹಾಕಿದ ಮೊದಲಿಗರು ಒಬ್ಬ ಪಾದ್ರಿ ಅನ್ನುವುದು ನನಗೆ ಹೆಮ್ಮೆಗಿಂತ ಹೆಚ್ಚಾಗಿ ಹೊಣೆ ಅನ್ನಿಸುತ್ತದೆ. ಅಚ್ಚಿನ ಮೊಳೆ ಒಂದೊಂದಾಗಿ ಜೋಡಿಸುತ್ತಿದ್ದ ಕಾಲದಲ್ಲಿ ಪ್ರತಿ ಪದಕ್ಕೂ ಕೈಯ ಶ್ರಮ ಇತ್ತು. ಯೋಚಿಸಲು ಪುರುಸೊತ್ತು ಆ ಕೆಲಸದಲ್ಲೇ ಸೇರಿತ್ತು. ಈಗ ಬೆರಳು ಸೋಕಿದರೆ ಸಾಕು, ಸುದ್ದಿ ನೂರು ಮನೆ ಸೇರುತ್ತದೆ.

2018 ನೆನಪಿದೆಯಾ? ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ವಾಟ್ಸಾಪ್ ಸಂದೇಶ ರಾಜ್ಯದ ಎಲ್ಲ ಕಡೆ ಓಡಾಡಿತು. ಆ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೆಲಸ ಹುಡುಕಿಕೊಂಡು ಬಂದಿದ್ದ ರಾಜಸ್ಥಾನದ ಯುವಕನನ್ನು ಜನ ಹೊಡೆದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಹೈದರಾಬಾದಿನಿಂದ ಬಂದಿದ್ದ ಯುವ ಎಂಜಿನಿಯರ್ ಒಬ್ಬರನ್ನು ಕೊಂದರು. ಅವರ ಗುಂಪು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟ್ ಕೊಟ್ಟಿತ್ತು, ಅಷ್ಟೇ. ಆ ಸಂದೇಶ ದಾಟಿಸಿದವರಲ್ಲಿ ಯಾರೂ ಕೊಲೆಗಾರರಲ್ಲ. ಎಲ್ಲರೂ ಒಳ್ಳೆ ಅಪ್ಪ ಅಮ್ಮಂದಿರು, ‘ಹುಷಾರಾಗಿರ್ಲಿ ಅಂತ ಕಳಿಸ್ದೆ’ ಅನ್ನುವವರು. ಅದೇ ಜುಲೈನಲ್ಲಿ ವಾಟ್ಸಾಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದೇ ಕಡೆಗೆ ದಾಟಿಸಬಹುದು ಅಂತ ಮಿತಿ ಹಾಕಿತು. ನಮ್ಮ ನಾಲಿಗೆಗೆ ನಾವು ಇಡದ ತೂಬನ್ನು ಒಂದು ಕಂಪನಿ ಇಡಬೇಕಾಯಿತು.

ಮನುಷ್ಯ ಆಡುವ ಪ್ರತಿ ವ್ಯರ್ಥವಾದ ಮಾತಿಗೂ ಒಂದು ದಿನ ಲೆಕ್ಕ ಒಪ್ಪಿಸಬೇಕಾಗುತ್ತದೆ ಎಂದು ಮತ್ತಾಯನ ಸುವಾರ್ತೆಯ 12ನೇ ಅಧ್ಯಾಯದಲ್ಲಿ ಯೇಸು ಎಚ್ಚರಿಸುತ್ತಾರೆ. ಕೆಟ್ಟ ಮಾತಿಗೆ ಅಂತ ಅಲ್ಲ, ವ್ಯರ್ಥ ಮಾತಿಗೆ. ಚಿಕ್ಕಂದಿನಲ್ಲಿ ಇದು ಅತಿಯಾಯಿತು ಅನ್ನಿಸುತ್ತಿತ್ತು. ಸುಮ್ಮನೆ ಆಡಿದ್ದಕ್ಕೂ ಲೆಕ್ಕವಾ? 2018ರ ನಂತರ ಅತಿ ಅನ್ನಿಸುವುದಿಲ್ಲ. ಹತ್ತು ಆಜ್ಞೆಗಳಲ್ಲಿ ಬರುವ ಸುಳ್ಳುಸಾಕ್ಷಿ ಕೋರ್ಟಿನ ಕಟಕಟೆಯಲ್ಲಿ ಮಾತ್ರ ಆಗುವುದಿಲ್ಲ, ಜೇಬಿನಲ್ಲಿರುವ ಫೋನಿನಲ್ಲೂ ಆಗುತ್ತದೆ.

ಕಾವೇರಿ ಗಲಾಟೆಯ ದಿನಗಳಲ್ಲಿ ಇದು ಇನ್ನೂ ಕಷ್ಟ. 2016ರ ಸೆಪ್ಟೆಂಬರ್ 5ರಂದು ಹತ್ತು ದಿನ, ದಿನಕ್ಕೆ 15,000 ಕ್ಯೂಸೆಕ್ ನೀರು ಬಿಡಬೇಕೆಂದು ಸುಪ್ರೀಂ ಕೋರ್ಟ್ ಹೇಳಿದಾಗ ಮಂಡ್ಯ ಹೊತ್ತಿಕೊಂಡಿತು. ಸಿಟ್ಟಿಗೆ ಕಾರಣ ಇತ್ತು. ಗದ್ದೆ ಒಣಗುವುದನ್ನು ನೋಡುವವನಿಗೆ ಸಂಯಮ ಬೋಧಿಸುವುದು ಸುಲಭದ ಕೆಲಸ ಅಲ್ಲ. ಆದರೆ ಆ ವಾರ ನಮ್ಮ ಪ್ರಾರ್ಥನಾ ಕೂಟದಲ್ಲಿ ಹಳೇ ಬೆಂಚಿನ ಮೇಲೆ ಯಾವಾಗಲೂ ಕೂರುತ್ತಿದ್ದ ತಮಿಳು ಮನೆಮಾತಿನ ಅಜ್ಜಿ ಒಬ್ಬರು ಬರಲಿಲ್ಲ. ಮೂರು ತಲೆಮಾರಿನಿಂದ ಇಲ್ಲೇ ಇರುವ ಮನೆ. ಒಬ್ಬರು ಎದ್ದು ನಿಂತು ನೀರಿಗಾಗಿ ಪ್ರಾರ್ಥನೆ ಶುರುಮಾಡಿದರು. ಸ್ವಲ್ಪ ಹೊತ್ತಿಗೆ ಪ್ರಾರ್ಥನೆ ಭಾಷಣವಾಯಿತು, ಭಾಷಣ ‘ಆ ಜನ’ ಅಂತ ಶುರುವಾಯಿತು. ಅಯ್ಯನವರು ತಡೆಯಲಿಲ್ಲ. ಮುಗಿಯಲು ಬಿಟ್ಟು, ತಾವು ಎದ್ದು, ಒಳ್ಳೆಯವರ ಮೇಲೂ ಕೆಟ್ಟವರ ಮೇಲೂ ಮಳೆ ಸುರಿಸುವ ದೇವರೇ, ಕೊಡಗಿನಲ್ಲೂ ಮಳೆ ಕೊಡು, ಮೆಟ್ಟೂರಿನಲ್ಲೂ ಮಳೆ ಕೊಡು ಅಂತ ಎರಡೇ ಸಾಲು ಪ್ರಾರ್ಥಿಸಿ ಆಮೆನ್ ಅಂದರು. ಕೂಟ ಮುಗಿದ ಮೇಲೆ ಪ್ರಾರ್ಥನೆಯನ್ನು ಭಾಷಣ ಮಾಡಿದವರೇ ಆ ಅಜ್ಜಿಯ ಮನೆಗೆ ಒಂದು ಲೀಟರ್ ಹಾಲು ತೆಗೆದುಕೊಂಡು ಹೋದರು. ಯಾರೂ ಅವರಿಗೆ ಹೇಳಿರಲಿಲ್ಲ.

ಅಭ್ಯಾಸ ಹೇಗೆ ಅಂತ ಕೇಳುವವರಿಗೆ ನಮ್ಮವ್ವನ ರಾಗಿ ಡಬ್ಬದ ಲೆಕ್ಕ ಹೇಳಬಹುದು. ಈಸ್ಟರ್‌ಗೆ ಮೊದಲಿನ ನಲವತ್ತು ದಿನಗಳ ಲೆಂಟ್ ಕಾಲದಲ್ಲಿ ಕೆಲವರು ಮಾಂಸ ಬಿಡುತ್ತಾರೆ, ಕೆಲವರು ಕಾಫಿ ಬಿಡುತ್ತಾರೆ. ಅವ್ವ ಒಂದು ವರ್ಷ, ‘ನಾವ್ ಬಿಡೋಕೆ ಅಂತ ದಿನಾ ಮಾಂಸ ಯಾರ್ ತಿಂತಾರೆ ಇಲ್ಲಿ? ಬೈಯೋದ್ ಬಿಡವ’ ಅಂದಳು. ಮನೆಯಲ್ಲಿ ಯಾರು ಎರಡನೇ ಅಥವಾ ಮೂರನೇ ಬಗೆಯ ಮಾತಾಡಿದರೂ ಅವರ ಪಾಲಿನ ಒಂದು ಹಿಡಿ ರಾಗಿ ಹಳೇ ಡಾಲ್ಡಾ ಡಬ್ಬಕ್ಕೆ. ಈಸ್ಟರ್ ದಿನ ಅದು ಬೀದಿಯ ಕೊನೆಯ ಒಂಟಿ ಅಜ್ಜಿಗೆ. ಮೊದಲ ವಾರವೇ ಡಬ್ಬ ಅರ್ಧ ತುಂಬಿತು. ಕೊನೆಯ ವಾರದಲ್ಲಿ ಡಬ್ಬಕ್ಕೆ ಬಿದ್ದದ್ದು ಬಹಳ ಕಡಿಮೆ, ಅದರಲ್ಲೂ ಹೆಚ್ಚಿನ ಪಾಲು ಎಮ್ಮೆ ಹಗ್ಗ ಕಿತ್ತುಕೊಂಡ ದಿನದ್ದು. ಅಜ್ಜಿ ಬಂದು ‘ಇಷ್ಟೇನಾ? ಇನ್ನೊಂಚೂರ್ ಬೈಕೊಂಡಿದ್ರೆ ಆಗ್ತಿತ್ತಲ್ಲ’ ಅಂದಾಗ ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರು. ಅವ್ವ ಒಳಗೆ ಹೋಗಿ ಡಬ್ಬ ತುಂಬ ರಾಗಿ ತಂದುಕೊಟ್ಟಳು.

ಆ ಡಬ್ಬದಿಂದ ನಾನು ಕಲಿತದ್ದು ಮೂರು ಸಂಗತಿ. ಮಾತಿಗೆ ಬೆಲೆ ಇಟ್ಟರೆ ಬಾಯಿ ತಾನೇ ನಿಧಾನವಾಗುತ್ತದೆ. ಒಬ್ಬರೇ ಮಾಡುವುದಕ್ಕಿಂತ ಮನೆಯವರೆಲ್ಲ ಸೇರಿ ಮಾಡಿದರೆ ನಗುವಿರುತ್ತದೆ, ನಗುವಿದ್ದರೆ ಅಭ್ಯಾಸ ನಿಲ್ಲುತ್ತದೆ. ಇನ್ನೊಂದು, ಬಾಯಿ ಕಟ್ಟಿದ್ದು ಯಾರದೋ ಹೊಟ್ಟೆ ತುಂಬಿಸಬೇಕು. ಬರೀ ನನ್ನ ಪವಿತ್ರತೆಗಾಗಿ ನಾನು ಸುಮ್ಮನಿದ್ದರೆ ಅದರಿಂದ ಊರಿಗೇನು?

ಯಾಕೋಬ ತನ್ನ ಪತ್ರಿಕೆಯ ಮೊದಲ ಅಧ್ಯಾಯದಲ್ಲೇ ಕೇಳುವುದರಲ್ಲಿ ಚುರುಕು, ಆಡುವುದರಲ್ಲಿ ನಿಧಾನ ಇರಬೇಕು ಅನ್ನುವ ಕ್ರಮ ಇಡುತ್ತಾನೆ. ವರದಿಗೆ ಹಳ್ಳಿ ಹಳ್ಳಿ ಸುತ್ತುವಾಗ ನನಗೆ ದಿನವೂ ಕಾಣುವುದು ಇದೇ. ಪಂಚಾಯ್ತಿ ಸಭೆಯಲ್ಲಿ ಮುಂದಿನ ಕುರ್ಚಿಯವರು ಬಾಯಿ ಮುಚ್ಚಿದಾಗ ಮಾತ್ರ ಬಾಗಿಲ ಹತ್ತಿರ ನಿಂತ ಹೆಂಗಸು ಬಾಯಿ ಬಿಡುತ್ತಾಳೆ. ಮೇಲಿನ ಗದ್ದೆಯವರು ತೂಬು ಇಳಿಸಿದರೆ ತಾನೇ ಕೊನೆ ಭಾಗಕ್ಕೆ ನೀರು? ನಮ್ಮ ಕೂಟದಲ್ಲೂ, ನಮ್ಮ ಮನೆಯಲ್ಲೂ ಇಷ್ಟು ದಿನ ಸರದಿ ಸಿಗದೆ ಕಾಯುತ್ತಿರುವ ಮಾತು ಯಾರದೋ ಇದ್ದೇ ಇರುತ್ತದೆ. ಈ ವಾರ ಅದು ಯಾರದು ಅಂತ ಒಮ್ಮೆ ಸುಮ್ಮನಿದ್ದು ನೋಡೋಣ.